ಪಕ್ಕದ ಮನೆಯವರ ರಬ್ಬಿ ಕೊಟ್ಟ ವಿನಾಯಿತಿ

ಲೀಡ್ಸ್, ಗುರುವಾರ, 12 ಜೂನ್ 2014

ಅತ್ತೆಗೆ ನಿದ್ದೆ ಬಂದಿಲ್ಲ. ಎಲ್ಲ ಆ ಕೋಸಂಬರಿಯಿಂದ.

ಅತ್ತೆಗೆ ಮಡಿ. ಪಕ್ಕದ ಮನೆಯ ಎಸ್ತರ್ ಆಂಟಿ ಯಹೂದಿ, ಅವರಿಗೆ ಕೋಷರ್ ಎಂಬ ಊಟದ ಕಟ್ಟಳೆ. ಇಬ್ಬರೂ ಪರಾನ್ನ ಮುಟ್ಟುವವರಲ್ಲ. ಬೇಲಿಯ ಮೇಲಿಂದ ಕತ್ತರಿಸದ ಹಣ್ಣುಗಳನ್ನಷ್ಟೇ ಕೊಟ್ಟು ತೆಗೆದುಕೊಂಡು ಪ್ರಾಣಸ್ನೇಹಿತೆಯರಾಗಿದ್ದರು. ಹೋದ ವಾರ ಅತ್ತೆ, ಹೇಗೂ ತಿನ್ನುವುದಿಲ್ಲವೆಂಬ ಧೈರ್ಯದ ಮೇಲೆ, ಬಾಯುಪಚಾರಕ್ಕೆ "ಕೋಸಂಬರಿ ಕೊಡ್ಲಾ?" ಅಂದಿದ್ದರು. ಆ ಮಹಾತಾಯಿ ಹೋಗಿ ತಮ್ಮ ಧರ್ಮಗುರು ರಬ್ಬಿಯನ್ನೇ ಕೇಳಿಬಿಟ್ಟರು!

ಹೊಸ ಚಾಕು, ಹೊಸ ಪಾತ್ರೆ, ಒಲೆ ಕಾಣದ ತಿಂಡಿಯಾದರೆ ಆಗಬಹುದು ಎಂದರಂತೆ ರಬ್ಬಿ. ಕೂಡದು ಅನ್ನುವುದಕ್ಕೆ ಓದೇ ಬೇಕಿಲ್ಲ, ಆಗಬಹುದು ಅನ್ನಬೇಕಾದರೆ ಗ್ರಂಥವೆಲ್ಲ ಜಾಲಾಡಬೇಕು ಎಂದೂ ಹೇಳಿದರಂತೆ. ಎಂಥ ಮನುಷ್ಯ! ನನಗಂತೂ ಗೌರವ ಉಕ್ಕಿ ಬಂತು.

ಇವತ್ತು ಆಂಟಿ ಒಂದು ಬಟ್ಟಲು ಮುಗಿಸಿ ಇನ್ನೊಂದು ಬಡಿಸಿಕೊಂಡರು. ಭಾನುವಾರ ಅವರ ಮನೆಯಲ್ಲಿ ನಮಗೆ ಊಟ. ಅತ್ತೆಗೆಂದು ಕೈಯಾರೆ ಅಡುಗೆ ಮಾಡುತ್ತಾರಂತೆ.

ಈಗಷ್ಟೇ ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಮಾಳವಿಕಾ, ಈ ಊರಲ್ಲಿ ಬೇರೆ ರಬ್ಬಿ ಯಾರೂ ಇಲ್ವೇನೇ? ಸ್ವಲ್ಪ ಕಟ್ಟುನಿಟ್ಟಿನವರು?"