ಒಂಬತ್ತನ್ನು ಎರಡು ಮಾಡಿದವನಿಗೆ

ತಿಕೋಟಾ
೨೮ ಜುಲೈ ೨೦೨೫

ಚಿ. ಅಮೋಲನಿಗೆ ನಿನ್ನ ಅವ್ವ ಗಂಗಾಬಾಯಿಯ ಆಶೀರ್ವಾದ.

ನಿನ್ನ ಫೋನು ಎತ್ತಲಿಲ್ಲ, ಪತ್ರವೂ ಎಂಟು ದಿನ ತಡವಾಯಿತು. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತು, ಅದಕ್ಕೇ ಪೆನ್ನು ಹಿಡಿದೆ. ಶರ್ವರಿ ಕಳಿಸಿದ ಸೀರೆ ಮುಟ್ಟಿದೆ. ನಿನ್ನ ಹೆಂಡತಿಗಾದರೂ ಬಣ್ಣ ಗುರುತಿಸಲು ಬರುತ್ತದೆ.

ಹದಿನಾಲ್ಕರ ಸೋಮವಾರ ನಮ್ಮ ಓಣಿಯ ಆಶಾ ಕಾರ್ಯಕರ್ತೆ ರುಕ್ಸಾರ ಮನೆಮನೆ ತಿರುಗಿ, ಎರಡು ದಿನದಲ್ಲಿ ಒಂಬತ್ತು ಜನಕ್ಕೆ ವಾಂತಿಭೇದಿ ಎಂದು ವರದಿ ಕಳಿಸಿದಳು. ವಿಜಯಪುರದಲ್ಲಿ ಕುಳಿತು ಜಿಲ್ಲೆಯ ರೋಗದ ವರದಿ ಕೂಡಿಸುವ ನೀನು ಅವಳಿಗೆ ಫೋನ್ ಮಾಡಿದಾಗ ಅವಳು ನನ್ನ ಅಡಿಗೆಮನೆಯಲ್ಲೇ ಇದ್ದಳು. ಎಲ್ಲವೂ ನನ್ನ ಕಿವಿಗೆ ಬಿತ್ತು.

“ಒಂದ ಓಣ್ಯಾಗ ಒಂಬತ್ತ ಅಂದ್ರ ಗುರುವಾರದ ಮೀಟಿಂಗನ್ಯಾಗ ನಮ್ಮ ಮಾನ ಹೋಗ್ತದ. ಎರಡು ಅಂತ ತಿದ್ದಿ ಕಳಸ್ರಿ,” ಎಂದೆ ನೀನು.

“ಒಂಬತ್ತೂ ಮಂದೀನ ನಾನ ನೋಡೇನ್ರಿ ಸಾಹೇಬ್ರ. ಎಲ್ಲಾರೂ ಒಂದ ನಳದ ನೀರು ಕುಡ್ಯಾವ್ರು,” ಎಂದಳು.

“ನೀವೇನು ಡಾಕ್ಟರೇನ್ರಿ?”

ಹತ್ತನೆಯ ಇಯತ್ತೆ ಓದಿದವಳು ತಿದ್ದಲಿಲ್ಲ. ಎರಡು ಪದವಿ ಪಡೆದ ನೀನು ಕುಳಿತಲ್ಲೇ ತಿದ್ದಿದೆ. ನಾನು ಕೇಳಿದರೆ, “ಯವ್ವಾ, ನೀ ರಿಟೈರ್ ಆಗೀದಿ, ಸುಮ್ನ ಕೂಡು,” ಎಂದೆ. ಎರಡೇ ಎಂದಮೇಲೆ ನೀರು ಪರೀಕ್ಷಿಸಲು ಯಾರು ಬರುತ್ತಾರೆ? ನಾನೂ ರುಕ್ಸಾರಳೂ, ನೀರು ಕಾಸಿ ಕುಡಿಯಿರೆಂದು ಹೇಳುತ್ತ ಬಾಗಿಲು ಬಾಗಿಲು ತಿರುಗಿದೆವು.

ಗುರುವಾರ ಮೀಟಿಂಗಿನಲ್ಲಿ ನಿನಗೆ ಹೂಗುಚ್ಛ ಕೊಟ್ಟರಂತೆ. ನೀನೇ ಕಳಿಸಿದ ಫೋಟೋ ನೋಡಿದೆ, ಹಲ್ಲೆಲ್ಲ ಕಾಣುತ್ತವೆ. ಶನಿವಾರ ಪಕ್ಕದ ಮನೆಯ ಪರಸವ್ವ ಅದೇ ವಾಂತಿಭೇದಿಯಿಂದ ತೀರಿಕೊಂಡಳು. ನಾನು ಡ್ಯೂಟಿಗೆ ಹೋದಾಗ ನಿನಗೆ ಉಣಿಸುತ್ತಿದ್ದ ಅದೇ ಪರಸವ್ವ. ಭಾನುವಾರ ನಿಮ್ಮ ಇಲಾಖೆಯ ತಂಡ ಬಂತು. ಅವರ ಕಾಗದದಲ್ಲಿ ಎರಡೇ ಇತ್ತು, ಅದನ್ನು ಓಣಿಯವರೆಲ್ಲ ನೋಡಿದರು. ಗಟಾರದಲ್ಲಿ ಒಡೆದ ಪೈಪು ಸಿಕ್ಕಲು ಅರ್ಧ ತಾಸೂ ಹಿಡಿಯಲಿಲ್ಲ.

ನಾನು ನರ್ಸಾಗಿದ್ದಾಗ ಘೋಣಸಗಿಯಲ್ಲಿ ಹನ್ನೊಂದು ಜನಕ್ಕೆ ಹೀಗೇ ಆಗಿತ್ತು. ಹನ್ನೊಂದು ಎಂದೇ ಚೀಟಿ ಬರೆದು ಬಸ್ ಕಂಡಕ್ಟರನ ಕೈಯಲ್ಲಿ ಬಬಲೇಶ್ವರದ ಡಾಕ್ಟರಿಗೆ ಕಳಿಸಿದೆ. ಅವರು ನನ್ನನ್ನು ಬೈದರು, ಆದರೆ ಸಂಜೆಯೊಳಗೆ ಜೀಪು ಬಂತು. ಯಾರೂ ಸಾಯಲಿಲ್ಲ. ಯಾರೂ ಹೂ ಕೊಡಲೂ ಇಲ್ಲ.

ಈಗ ವರದಿ ತಡವಾಯಿತೆಂದು ರುಕ್ಸಾರಳಿಗೇ ನೋಟಿಸು ಬಂದಿದೆ, ಕೆಳಗೆ ನಿನ್ನ ಸಹಿ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಈ ಹೊಸ್ತಿಲು ತುಳಿಯಬೇಡ.

ಆರೋಗ್ಯವಾಗಿರು. ಒಂಬತ್ತರವರೆಗಾದರೂ ಎಣಿಸುವ ಬುದ್ಧಿಯನ್ನು ದೇವರು ನಿನಗೆ ಕೊಡಲಿ.

ಇತಿ ನಿನ್ನ ಅವ್ವ,
ಗಂಗಾಬಾಯಿ

ತಾ.ಕ.: ಪರಸವ್ವನ ಗಂಡ ರಾಮಲಿಂಗ ಮೊನ್ನೆ ನಮ್ಮ ಕಟ್ಟೆಯ ಮೇಲೆ ಕುಳಿತು, “ಅಕ್ಕಾರ, ಕಚೇರ್ಯಾಗ ಎರಡ ಅಂತ ಬರದಾಂವ ಯಾರಂತ ನಮ್ಮ ಅಮೋಲಗ ಕೇಳಿ ಹೇಳ್ರಿ,” ಎಂದ. ಅಲ್ಲೇ ಇದ್ದ ರುಕ್ಸಾರ ತಲೆ ತಗ್ಗಿಸಿದಳು. ಕೇಳುತ್ತೇನೆ ಎಂದುಬಿಟ್ಟೆ. ಪರಸವ್ವ ತರುತ್ತಿದ್ದ ಹಾಲನ್ನು ಈಗ ಅವನೇ ಮುಂಜಾನೆ ತಂದುಕೊಡುತ್ತಾನೆ. ಅವನ ಮುಖ ನೋಡದೆ ಇಸಿದುಕೊಳ್ಳುತ್ತೇನೆ.