ಅವ್ವನ ಕಾಲಡಿ

ಅಂಕಲಿ, ಸೋಮವಾರ

ಮಲ್ಲೇಶಣ್ಣನಿಗೆ,

ಆರು ವರ್ಷ ಓಡಿಸಿ, ‘ಎಲ್ಲಾ ರಿಪೇರಿ ಮಾಡೇನಿ, ಇನ್ನ ನೀ ಇಟ್ಕೊ’ ಎಂದು ನೀನು ಬಿಟ್ಟುಹೋದ ಡೀಸೆಲ್ ಕಾರನ್ನು ಮನೆಯಲ್ಲೇ ಸರಿಮಾಡುತ್ತಿದ್ದೇನೆ. ಇಂಜಿನ್ ಗಟ್ಟಿಯಿದೆ. ತುಕ್ಕು ಬಿಡಲೆಂದು ಬೋಲ್ಟುಗಳನ್ನು ಕಬ್ಬಿನ ಕಾಕಂಬಿಯಲ್ಲಿ ನೆನೆಹಾಕಿದ್ದೇನೆ. ಅದರ ಹುಳಿನಾತಕ್ಕೂ ನೊಣಕ್ಕೂ ಒಗ್ಗಿಕೊಂಡೆ. ಒಗ್ಗಲಾಗದ್ದು ಕಂಡದ್ದು ನಿನ್ನೆ, ಸೀಟು ಬಿಚ್ಚಿದಾಗ.

ನಿನ್ನ ಕಾಲಡಿಗೆ ದಪ್ಪ ತಗಡು ಬೆಸೆಸಿದ್ದೀ. ಪಕ್ಕದಲ್ಲಿ, ಅವ್ವ ಕೂರುತ್ತಿದ್ದ ಕಡೆ, ತುಕ್ಕು ತಿಂದು ತಗಡೇ ಇಲ್ಲ. ಗೋಣಿಚೀಲಕ್ಕೆ ಡಾಂಬರು ಬಳಿದು, ಮೇಲೊಂದು ಹೂವಿನ ಮ್ಯಾಟು ಹಾಸಿದ್ದೀ. ಬೆರಳಲ್ಲಿ ಒತ್ತಿದೆ, ಹರಿದು ಕೆಳಗಿನ ನೆಲ ಕಂಡಿತು.

‘ಕಾಲಿಗೆ ಗಾಳಿ ಹೊಡಿತೈತೋ’ ಎಂದು ಅವ್ವ ಅಂದಾಗಲೆಲ್ಲ, ‘ಪುಕ್ಕಟ ಎಸಿ ಐತಿ ಬೇ, ಸುಮ್ನ ಕೂಡು’ ಎಂದು ನೀನು ಅನ್ನುತ್ತಿದ್ದಿ. ಹಿಂದೆ ಕೂತು ನಾನೂ ನಗುತ್ತಿದ್ದೆ.

ಅವ್ವನಿಗೆ ಹೇಳಿಲ್ಲ. ಆಕೆ ಈಗಲೂ ‘ಮಲ್ಲ್ಯಾ ಗಾಡಿ ಭಾಳ ಚಲೋ ಇಟ್ಟಿದ್ದ’ ಎನ್ನುತ್ತಾಳೆ.

ಭಾನುವಾರ ತಪ್ಪದೆ ಬಾ. ಹೊಸ ತಗಡು ತಂದಿಟ್ಟಿದ್ದೇನೆ, ಇನ್ನೂ ಬೆಸೆಸಿಲ್ಲ. ಬೆಸೆಸುವ ಮೊದಲು ಚಿಕ್ಕೋಡಿಗೆ ಒಮ್ಮೆ ಹೋಗಿಬರೋಣ. ಕಾರು ನಾನು ಓಡಿಸುತ್ತೇನೆ. ನೀನು ಅವ್ವನ ಸೀಟಿನಲ್ಲಿ ಕೂರು.

ನಿನ್ನ ತಂಗಿ
ಪ್ರಾಜಕ್ತಾ