ಸದ್ದಿಲ್ಲದೆ ಬಂದ ಕಾರು

ಜೂನ್ ೧೨, ಗುರುವಾರ.

ಇವರ ಮೇಲೆ ಕೋಪ ಮಾಡಿಕೊಳ್ಳಲೂ ಆಗುತ್ತಿಲ್ಲ, ಅಷ್ಟು ಒಳ್ಳೆಯವರು! ಅಪ್ಪ ತೀರಿಕೊಂಡ ಮೇಲೆ ನಮಗೆ ಬಂದ ಅವರ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ಕುಂಯ್‌ಗುಡುತ್ತಿತ್ತು. ನನಗೆ ಹೇಳದೆ ಹಿಂದಿನ ಸೀಟು ಎತ್ತಿಸಿ, ಫಿಲ್ಟರ್ ಸಮೇತ ಹೊಸದು ಹಾಕಿಸಿದ್ದಾರೆ.

ಸಂಜೆ ಅಮ್ಮನ ಮನೆಗೆ ಹೋದೆವು. ಆ ಸದ್ದು ಬೀದಿಯ ತಿರುವಿಗೆ ಬಂದರೆ ಸಾಕು, ಅಪ್ಪನಿಗಾಗಿ ಒದ್ದೆ ಕೈಯಲ್ಲೇ ಗೇಟಿಗೆ ಓಡುತ್ತಿದ್ದವಳು ಅಮ್ಮ. ನಾವು ಹೋದಾಗಲೂ ಹಾಗೇ ಓಡಿ ಬರುತ್ತಿದ್ದಳು. ಇವತ್ತು ಬೆಲ್ ಒತ್ತಬೇಕಾಯಿತು.

“ಯಾವಾಗ ಬಂದ್ರೋ, ಗೊತ್ತೇ ಆಗ್ಲಿಲ್ಲ!”

“ಹೊಸಾ ಪಂಪು ಅತ್ತೆ, ಒಂಚೂರೂ ಸದ್ದಿಲ್ಲ!” ಇವರ ಮುಖ ಅರಳಿತ್ತು.

ಅಮ್ಮ ಕಾರನ್ನೇ ನೋಡಿದಳು.

“ಒಳ್ಳೇದಾಯ್ತು ಬಿಡಪ್ಪ. ಇನ್ಮೇಲೆ ಬರೋ ಮುಂಚೆ ಒಂದು ಫೋನ್ ಮಾಡಿ.”

ಹಳೆಯ ಪಂಪು ಎಲ್ಲಿ ಎಂದು ಇವರನ್ನು ಕೇಳಲೇ? ಕೇಳಿದರೆ, ಪಾಪ, ಇವರ ಅರಳಿದ ಮುಖ ಬಾಡಿಹೋಗುತ್ತದೆ...